ಬ್ಯಾಗಿನಾಗ ಲ್ಯಾಪ್‌ಟಾಪ್ ಕುದೀಲಿಕ್ಕತ್ತದ: ಘಾಟ್ ಇಳಿಯೂ ಮುಂದ ಸಸ್ಪೆಂಡ್ ಯಾಕ ಕೈಕೊಡ್ತದ?

ಘಾಟ್_ಪ್ರವಾಸಿ · ಪುಣೆ, ಕೋಥ್ರೂಡ್ · ಸೋಮವಾರ ರಾತ್ರಿ 9:40

ನಮಸ್ಕಾರ್ರೀ ಎಲ್ಲಾರಿಗೂ. ನಾ ಹುಬ್ಬಳ್ಳಿಯಾವ, ಆರು ವರ್ಷ ಆತು ಪುಣೆಕ್ಕ ಬಂದು. ವಾರಕ್ಕ ಎರಡು ದಿನ ಮುಂಬೈ ಆಫೀಸಿಗೆ ಹೋಗಬೇಕು. ಡೆಕ್ಕನ್ ಕ್ವೀನ್ ರೈಲಿನಾಗ ಕುಂತು ಅರ್ಧ ಕೆಲಸ ಅಲ್ಲೇ ಮುಗಸ್ತೀನಿ.

ಹದಿನೈದು ದಿನದಿಂದ ಒಂದು ಪೀಡಾ ಗಂಟುಬಿದ್ದದ. ಘಾಟ್ ಇಳದು ಕರ್ಜತ್ ಸ್ಟೇಷನ್ ಬಂತಂದ್ರ ವಡಾಪಾವ್ ತಗೊಳ್ಳಾಕಂತ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕ್ತೀನಿ. ಮುಚ್ಚಿದ ಕೂಡ್ಲೇ ಅದು ಸಸ್ಪೆಂಡ್ ಆಗಬೇಕು, ಅಂದ್ರ ಕೆಲಸ ಮೆಮೊರಿಯೊಳಗ ಇಟ್ಟು ಮಲಗಬೇಕು. ತಿಂದು, ಕೈ ಒರಸಿಕೊಂಡು, ಹದಿನೈದು ನಿಮಿಷಕ್ಕ ತೆಗದ್ರ ಬ್ಯಾಗ್ ಇಸ್ತ್ರಿಪೆಟ್ಟಿಗಿ ಆಗಿರ್ತದ. ಫ್ಯಾನ್ ಭರ್ರಂತ ತಿರಗ್ತಿರ್ತದ. ಪರದಿ ಕರ್ರಗ. ಕೀ ಒತ್ತಿದ್ರ ಇಲ್ಲ, ಮೌಸ್ ಆಡಿಸಿದ್ರ ಇಲ್ಲ. ಕಡೀಕ ಪವರ್ ಬಟನ್ ಒತ್ತಿ ಹಿಡದು ಆಫ್ ಮಾಡಿ ಮತ್ತ ಚಾಲೂ ಮಾಡ್ತೀನಿ. ಎಲ್ಲಾ ವಾರ ಆಗೂದಿಲ್ಲ, ಆದ್ರ ನಾಕರಾಗ ಮೂರು ಸಲ ಆಗ್ತದ.

ಮನ್ಯಾಗ ಒಮ್ಮೆನೂ ಆಗಿಲ್ಲ. ಲಿನಕ್ಸ್ ಅದ, ಡೆಬಿಯನ್ 12; ಕರ್ನೆಲ್ (ಅದರ ತಿರುಳು) ಬ್ಯಾಕ್‌ಪೋರ್ಟ್ಸ್, ಅಂದ್ರ ಹೊಸ ಆವೃತ್ತಿ ಕೊಡೂ ಭಂಡಾರದ್ದು, 6.12. ಹೊಸ ಕರ್ನೆಲ್ ಹಾಕಿದ ಮ್ಯಾಲೇ ಶುರುವಾಗಿದ್ದು ಅಂತ ಅನಸ್ತದ. ಹಳೇ 6.1ಕ್ಕ ಹೋಗಿ ಮನ್ಯಾಗ ಇಪ್ಪತ್ತು ಸಲ ಮುಚ್ಚಿ ತೆಗದೆ, ಚೊಲೋ ಇತ್ತು. 6.12ದಾಗ ಇಪ್ಪತ್ತು ಸಲ ಮಾಡಿದೆ, ಅದೂ ಚೊಲೋ ಇತ್ತು! ಬಯೋಸ್ ಅಪ್‌ಡೇಟ್ ಮಾಡೀನಿ. ಅಂತರ್ಜಾಲದಾಗ ಸಿಕ್ಕ ಏಳೆಂಟು ಬೂಟ್ ಪ್ಯಾರಾಮೀಟರ್ (ಚಾಲೂ ಆಗೂ ಮುಂದ ಕರ್ನೆಲಿಗೆ ಕೊಡೂ ಸೂಚನೆ) ಹಾಕೀನಿ. ಈಗ ಯಾವುದು ಯಾತಕ್ಕ ಹಾಕೀನಿ ಅನ್ನೂದೂ ಮರತದ.

ಸೋಲಾಪುರಿ_ಚಾದರ · ಪುಣೆ, ಹಡಪ್ಸರ್ · 9:52

ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್ ಹಾಕಿ ನೋಡು. ನನಗ ಅದರಿಂದನ ಸರಿ ಆತು. ಇಲ್ಲಂದ್ರ ಲ್ಯಾಪ್‌ಟಾಪಿಗೆ ನಮ್ಮೂರ ಚಾದರ ಹೊಚ್ಚು, ಮಲಗಬಹುದು 😄

ಘಾಟ್_ಪ್ರವಾಸಿ · 9:58

ಆ ಏಳೆಂಟರಾಗ ಅದೂ ಒಂದದ ಅಣ್ಣಾ.

ಡೊಂಬಿವಲಿ_ಮಾಮ · 10:30

ಮಾರಾಯ್ರೆ, ಆ ಪ್ಯಾರಾಮೀಟರುಗಳನ್ನೆಲ್ಲ ಮೊದಲು ತೆಗೆದುಹಾಕಿ. ಜ್ವರ ಯಾವುದು ಅಂತ ಗೊತ್ತಾಗುವ ಮೊದಲೇ ಏಳು ಕಷಾಯ ಕುಡಿದ ಹಾಗಾಯಿತು.

ನನಗೆ ಬೇಕಾದದ್ದು ಒಂದೇ ಉತ್ತರ. ನಿಮ್ಮ ಯಂತ್ರ ಮಲಗಿ ಆಮೇಲೆ ಏಳಲಿಲ್ಲವೋ, ಅಥವಾ ಮಲಗಲೇ ಇಲ್ಲವೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಪರದೆ ಕಪ್ಪು, ಕೀಲಿಮಣೆ ಸತ್ತದ್ದು. ಒಳಗೆ ಅವು ಬೇರೆ ಬೇರೆ ಊರಿನ ರೋಗಗಳು. ನಿಜವಾಗಿ ಡೀಪ್‌ಗೆ, ಎಂದರೆ ಎಸಿಪಿಐ (ವಿದ್ಯುತ್ ನಿರ್ವಹಣೆಯ ಮಾನದಂಡ) ಹೇಳುವ ಎಸ್3ಗೆ ಹೋದ ಯಂತ್ರದಲ್ಲಿ ಪ್ರೊಸೆಸರಿಗೆ ವಿದ್ಯುತ್ ಇಲ್ಲ, ಮೆಮೊರಿ ಮಾತ್ರ ಜೀವ ಹಿಡಿದುಕೊಂಡಿರುತ್ತದೆ. ಅದು ಬಿಸಿಯಾಗುವುದಕ್ಕೆ, ಫ್ಯಾನ್ ತಿರುಗುವುದಕ್ಕೆ ಸಾಧ್ಯವೇ ಇಲ್ಲ. ಎಸ್2ಐಡಲ್ ಎಂಬ ಹಗುರ ನಿದ್ದೆ ಆದರೆ ಮಾತು ಬೇರೆ. ಅಲ್ಲಿ ಪ್ರೊಸೆಸರ್ ಸುಮ್ಮನೆ ಕೂತಿರುತ್ತದಷ್ಟೆ, ಯಾವುದೋ ಒಂದು ಸಾಧನ ತಟ್ಟುತ್ತಲೇ ಇದ್ದರೆ ಬಿಸಿಯಾದೀತು.

ಹಾಗಾಗಿ /ಸಿಸ್/ಪವರ್/ಮೆಮ್_ಸ್ಲೀಪ್ ಕಡತದಲ್ಲಿ ಏನುಂಟು ಹೇಳಿ. ಚೌಕ ಕಂಸದ ಒಳಗೆ ಇರುವುದೇ ಈಗ ಚಾಲ್ತಿಯಲ್ಲಿರುವುದು. ಮತ್ತೆ ಹಿಂದಿನ ಬೂಟಿನ ಕರ್ನೆಲ್ ದಾಖಲೆ: ಜರ್ನಲ್‌ಸಿಟಿಎಲ್ -ಬಿ -1 -ಕೆ.

ಘಾಟ್_ಪ್ರವಾಸಿ · 10:41

ಪ್ಯಾರಾಮೀಟರ್ ಎಲ್ಲಾ ತೆಗದೆ ಮಾಮಾ. ಆದ್ರೂ ಡೀಪ್‌ಗೇ ಚೌಕ ಕಂಸ ಅದ. ಹಿಂದಿನ ಬೂಟ್ ಅಂದ್ರ ಈಗ ಮನ್ಯಾಗಿಂದು, ರೈಲಿನಾಗಿಂದು ಅದರ ಹಿಂದಿಂದು ಇರಬೇಕು, ನಾಳೆ ಹುಡುಕ್ತೀನಿ. ಈಗ ಮನಿಯವರು ದೀಪಾ ಆರಸಂತ ಬೈಲಿಕ್ಕತ್ತಾರ.

ಹಿಂಜವಡಿ_ನೈಟ್‌ಶಿಫ್ಟ್ · ಪುಣೆ · ಮಂಗಳವಾರ ನಸುಕು 2:15

ನಾನು ಡ್ರೈವರ್ (ಸಾಧನಗಳನ್ನು ನಡೆಸುವ ತಂತ್ರಾಂಶ) ಬರೆದು ಹೊಟ್ಟೆ ಹೊರೆಯುವವನು, ಅದಕ್ಕೇ ಈ ಹೊತ್ತಿನಲ್ಲಿ ಎದ್ದಿದ್ದೇನೆ. ಮಾಮ ಕೇಳಿದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರ ಹುಡುಕುವ ಸಾಧನ ಕರ್ನೆಲ್ ಒಳಗೇ ಇದೆ, ಅದನ್ನು ಹೇಳುತ್ತೇನೆ.

ಮುಚ್ಚಳ ಮುಚ್ಚಿದಾಗ ನಡೆಯುವುದು ಒಂದು ಕೆಲಸ ಅಲ್ಲ, ಸಾಲು ಸಾಲಾಗಿ ಹಲವು. ಮೊದಲು ಡಿಸ್ಕಿಗೆ ಸಿಂಕ್. ಆಮೇಲೆ ಎಲ್ಲ ಪ್ರೊಸೆಸ್‌ಗಳನ್ನು ಇದ್ದಲ್ಲೇ ನಿಲ್ಲಿಸುತ್ತಾರೆ, ಇದೇ ಫ್ರೀಜರ್ ಹಂತ. ಆಮೇಲೆ ಸಾಧನಗಳು, ಮಕ್ಕಳು ಮೊದಲು, ತಾಯಿ ಕೊನೆಗೆ: ಟಚ್‌ಪ್ಯಾಡ್ ಮಲಗಿದ ಮೇಲೇ ಅದು ಕೂತಿರುವ ಐ2ಸಿ ಬಸ್ಸು (ಚಿಪ್ಪುಗಳು ಮಾತಾಡುವ ತಂತಿಸಾಲು) ಮಲಗಬೇಕು. ಒಂದೊಂದು ಡ್ರೈವರನ್ನೂ ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್_ಲೇಟ್, ಸಸ್ಪೆಂಡ್_ನೋಐಆರ್‌ಕ್ಯೂ ಎಂದು ನಾಲ್ಕು ಸಲ ಕರೆಯುತ್ತಾರೆ. ಆಮೇಲೆ ಬೂಟ್ ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದ ಕೋರ್‌ಗಳೆಲ್ಲ ಆಫ್. ಕೊನೆಗೆ ಫರ್ಮ್‌ವೇರ್ (ಬಯೋಸ್‌ನಂಥ ಮೂಲ ತಂತ್ರಾಂಶ) ಕೈಗೆ ಕೀಲಿ.

ಇದರಲ್ಲಿ ಎಲ್ಲಿ ಮುರಿಯುತ್ತದೆ ಎಂದು ನೋಡಲು /ಸಿಸ್/ಪವರ್/ಪಿಎಂ_ಟೆಸ್ಟ್ ಇದೆ. ಅದಕ್ಕೆ ಫ್ರೀಜರ್ ಎಂದು ಬರೆದು, ನಂತರ /ಸಿಸ್/ಪವರ್/ಸ್ಟೇಟ್‌ಗೆ ಮೆಮ್ ಎಂದು ಬರೆದರೆ, ಪ್ರೊಸೆಸ್‌ಗಳನ್ನು ನಿಲ್ಲಿಸಿ, 5 ಸೆಕೆಂಡ್ ಕಾದು, ನಿಜವಾಗಿ ಮಲಗದೆ ವಾಪಸ್ ಬರುತ್ತದೆ. ಸರಿ ಬಂತಾ? ಮುಂದಕ್ಕೆ ಡಿವೈಸಸ್. ಆಮೇಲೆ ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್. ಮುಗಿದ ಮೇಲೆ ನನ್ (ಯಾವುದೂ ಇಲ್ಲ) ಎಂದು ಬರೆಯುವುದು ಮರೆಯಬೇಡಿ, ಇಲ್ಲವಾದರೆ ರೀಬೂಟ್ ಮಾಡುವವರೆಗೂ ಯಂತ್ರ ನಿಜವಾಗಿ ಮಲಗುವುದಿಲ್ಲ. (ನಾನು ಒಮ್ಮೆ ಮರೆತು ಎರಡು ದಿನ ಇಲ್ಲದ ಬಗ್ ಹುಡುಕಿದ್ದೇನೆ.)

ಇನ್ನೊಂದು ಮಾತು, ಇದು ಸುಲಭ: ಮುಂದಿನ ಸಲ ರೈಲಿನಲ್ಲಿ ಹಾಗಾದಾಗ ಪವರ್ ಬಟನ್ ಒತ್ತಬೇಡಿ. ಎರಡು ನಿಮಿಷ ಕಾಯಿರಿ. ಎಚ್ಚರವಾದರೆ /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್ ಒಳಗೆ ಸಕ್ಸೆಸ್, ಫೇಲ್, ಫೇಲ್ಡ್_ಫ್ರೀಜ್, ಫೇಲ್ಡ್_ಸಸ್ಪೆಂಡ್ ಎಂದು ಎಣಿಕೆಗಳಿವೆ, ಅವನ್ನು ಬರೆದುಕೊಳ್ಳಿ. ರೀಬೂಟ್ ಮಾಡಿದರೆ ಅವು ಸೊನ್ನೆಯಾಗುತ್ತವೆ.

ವಾಸ್ಕೋ_ಕಾರವಾರಿ · ಗೋವಾ · ಮಂಗಳವಾರ ಬೆಳಗ್ಗೆ 8:05

ನನ್ನದೂ ಇಂಥದೇ ಕಥೆ, ಹೋದ ಮಳೆಗಾಲದ್ದು. ಇಲ್ಲಿ ಜೂನ್‌ನಲ್ಲಿ ಕರೆಂಟು ಹೋಗುವುದು ಬರುವುದು ಲೆಕ್ಕಕ್ಕಿಲ್ಲ, ಯುಪಿಎಸ್ ಕಿರುಚಿದ ಕೂಡಲೇ ಡೆಸ್ಕ್‌ಟಾಪನ್ನು ಸಸ್ಪೆಂಡ್ ಮಾಡುವ ರೂಢಿ. ಒಂದು ದಿನದಿಂದ ಅದು ಏಳುವುದನ್ನೇ ನಿಲ್ಲಿಸಿತು. ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ, ಎಸ್‌ಎಸ್‌ಎಚ್ (ಬೇರೆ ಯಂತ್ರದಿಂದ ಒಳಹೋಗುವ ದಾರಿ) ಕೂಡ ಇಲ್ಲ. ದಾಖಲೆಯಲ್ಲಿ ಮಲಗುವ ಸಾಲಿನ ನಂತರ ಏನೂ ಇಲ್ಲ, ಏಕೆಂದರೆ ಡಿಸ್ಕೇ ಎದ್ದಿರಲಿಲ್ಲ, ಬರೆಯುವುದೆಲ್ಲಿಗೆ?

ಆಗ ಕೈಹಿಡಿದದ್ದು ಪಿಎಂ_ಟ್ರೇಸ್. ಲೀನಸ್ ಟೊರ್ವಾಲ್ಡ್ಸ್ 2006ರಲ್ಲಿ ಬರೆದ ಕಿಲಾಡಿ ಉಪಾಯ ಅದು. ಏಳುವಾಗ ಒಂದೊಂದು ಸಾಧನಕ್ಕೆ ಕೈಹಾಕುವ ಮೊದಲು ಅದರ ಗುರುತನ್ನು ಸಂಖ್ಯೆಯಾಗಿ ಕುಗ್ಗಿಸಿ ಮದರ್‌ಬೋರ್ಡಿನ ಗಡಿಯಾರದೊಳಗೆ, ತಾರೀಖು ಗಂಟೆ ಇರುವ ಜಾಗದಲ್ಲೇ ಬರೆದಿಡುತ್ತದೆ. ಯಂತ್ರ ಅಲ್ಲೇ ಸತ್ತರೆ ಗಡಿಯಾರದಲ್ಲಿ ಉಳಿದ ಸಂಖ್ಯೆಯೇ ಮರಣಪತ್ರ. ಕೂಡಲೇ ರೀಬೂಟ್ ಮಾಡಬೇಕು, ಸುಮಾರು 3 ನಿಮಿಷದೊಳಗೆ. ತಡವಾದರೆ ಗಡಿಯಾರ ಓಡಿ ಸಂಖ್ಯೆ ಕೆಡುತ್ತದೆ. ಬೂಟ್ ಆದಮೇಲೆ ಡಿಮೆಸ್ಗ್‌ನಲ್ಲಿ (ಕರ್ನೆಲ್ ದಾಖಲೆಯಲ್ಲಿ) ಮ್ಯಾಜಿಕ್ ನಂಬರ್ ಎಂಬ ಸಾಲು, ಅದರ ಕೆಳಗೆ ಹೊಂದಿಕೆಯಾಗುವ ಸಾಧನದ ಹೆಸರು.

ಎರಡು ಎಚ್ಚರಿಕೆ. ಗಡಿಯಾರದಲ್ಲಿ ಜಾಗ ಚಿಕ್ಕದು, ಹಾಗಾಗಿ ಒಂದೇ ಸಂಖ್ಯೆಗೆ ಎರಡು ಮೂರು ಸಾಧನ ಹೊಂದಬಹುದು. ನನಗೆ ಮೊದಲ ಸಲ ಒಂದು ಯುಎಸ್‌ಬಿ ಹಬ್ ಮತ್ತು ಹಳೆಯ ಸೌಂಡ್ ಕಾರ್ಡ್ ಎರಡರ ಹೆಸರೂ ಬಂತು. ಹಬ್ ಕಿತ್ತು ಮತ್ತೆ ಮಾಡಿದೆ, ಕಾರ್ಡ್ ಒಂದೇ ಉಳಿಯಿತು. ಅದನ್ನು ತೆಗೆದ ಮೇಲೆ ಇಂದಿನವರೆಗೂ ಏಳದಿರುವ ತೊಂದರೆಯಿಲ್ಲ. ಎರಡನೆಯದು, ತಾರೀಖು ಎಲ್ಲೋ ಹಾರಿಹೋಗಿರುತ್ತದೆ. ನಾನು ಸರಿಮಾಡಲು ಮರೆತು, ಬ್ಯಾಂಕಿನ ಜಾಲತಾಣ ತೆರೆಯುತ್ತಿಲ್ಲವೆಂದು ಅರ್ಧ ಗಂಟೆ ಬ್ಯಾಂಕಿಗೇ ಶಾಪ ಹಾಕಿದೆ.

ಡೊಂಬಿವಲಿ_ಮಾಮ · 8:40

ಕಾರವಾರದವರ ಕಥೆ ಒಳ್ಳೆಯದುಂಟು, ಆದರೆ ಅದು ಮಲಗಿ ಏಳದ ರೋಗದ ಮದ್ದು. ನಮ್ಮ ಹುಬ್ಬಳ್ಳಿ ಹುಡುಗನ ಬ್ಯಾಗು ಬಿಸಿ. ನನ್ನ ಅಂದಾಜು, ಅದು ಮಲಗಲೇ ಇಲ್ಲ. ಪಿಎಂ_ಟ್ರೇಸ್ ಸದ್ಯಕ್ಕೆ ಬೇಡ, ಸುಮ್ಮನೆ ಗಡಿಯಾರ ಕೆಡಿಸಿಕೊಳ್ಳುವುದು ಯಾಕೆ.

ಘಾಟ್_ಪ್ರವಾಸಿ · ಮಂಗಳವಾರ ರಾತ್ರಿ 9:20

ನೈಟ್‌ಶಿಫ್ಟ್ ಅಣ್ಣಾ ಹೇಳಿದ ಐದೂ ಹಂತ ಮಾಡಿದೆ. ಫ್ರೀಜರ್ ಪಾಸ್, ಡಿವೈಸಸ್ ಪಾಸ್, ಪ್ಲಾಟ್‌ಫಾರ್ಮ್ ಪಾಸ್, ಪ್ರೊಸೆಸರ್ಸ್ ಪಾಸ್, ಕೋರ್ ಪಾಸ್. ನನ್ ಅಂತ ಬರದು ಮುಗಿಸೀನಿ. ಶಾಲ್ಯಾಗ ನಾ ಇಷ್ಟು ಪಾಸ್ ಆಗಿರಲಿಲ್ಲ. ಮತ್ತ ಎಲ್ಲಿ ಬಂತು ರೋಗ?

ಹಿಂಜವಡಿ_ನೈಟ್‌ಶಿಫ್ಟ್ · 11:50

ಪಾಸ್ ಆಗಿದ್ದು ಒಳ್ಳೆಯ ಸುದ್ದಿ ಎಂದು ತಿಳಿಯಬೇಡಿ. ರೋಗಿ ಮನೆಯಲ್ಲಿದ್ದಾನೆ, ರೋಗ ರೈಲಿನಲ್ಲಿದೆ. ಮೊದಲು ಇಪ್ಪತ್ತಿಪ್ಪತ್ತು ಸಲ ಎರಡು ಕರ್ನೆಲ್‌ನಲ್ಲಿ ಮಾಡಿದ್ದೂ ಇದೇ ಕಾರಣಕ್ಕೆ ವ್ಯರ್ಥ. ಕರ್ನೆಲ್ ಬದಲಾಯಿತು, ರೋಗ ಬರುವ ಸಂದರ್ಭ ಮಾತ್ರ ಬರಲೇ ಇಲ್ಲ. ಇದನ್ನು ನಂಬಿ ಗಿಟ್ ಬೈಸೆಕ್ಟ್‌ಗೆ, ಎಂದರೆ ಕೋಡಿನ ಇತಿಹಾಸವನ್ನು ಅರ್ಧರ್ಧ ಮಾಡುತ್ತ ತಪ್ಪು ತಂದ ಕಮಿಟ್ (ಒಂದು ಬದಲಾವಣೆ) ಹುಡುಕಲು, ಇಳಿದಿದ್ದರೆ ಹದಿನೇಳು ಹದಿನೆಂಟು ಕರ್ನೆಲ್ ಕಟ್ಟಿ, ಪ್ರತಿಯೊಂದಕ್ಕೂ ಸರಿಯಿದೆ ಎಂದು ಗುರುತು ಹಾಕಿ, ಕೊನೆಗೆ ಯಾವುದೋ ಪಾಪದ ಕಮಿಟ್ ತಲೆಗೆ ಕಟ್ಟುತ್ತಿದ್ದಿರಿ.

ನನ್ನದೇ ಉದಾಹರಣೆ. ಒಂದು ಟಚ್‌ಪ್ಯಾಡ್ ಡ್ರೈವರ್. ಮೇಜಿನ ಮೇಲೆ ನೂರಕ್ಕೆ ನೂರು ಸರಿ. ಗ್ರಾಹಕರ ಕಡೆಯಿಂದ ದೂರು: ಎದ್ದ ಮೇಲೆ ಟಚ್‌ಪ್ಯಾಡ್ ಸತ್ತಿರುತ್ತದೆ, ದಾಖಲೆಯಲ್ಲಿ -110, ಎಂದರೆ ಟೈಮ್‌ಔಟ್. ಆರ್‌ಟಿಸಿವೇಕ್ (ಗಡಿಯಾರದಿಂದ ಯಂತ್ರ ಎಬ್ಬಿಸುವ ಕಮಾಂಡ್) ಹಾಕಿ ರಾತ್ರಿಯಿಡೀ 20 ಸೆಕೆಂಡ್ ಮಲಗು, 10 ಸೆಕೆಂಡ್ ಎದ್ದಿರು ಎಂದು ತಿರುಗಿಸಿದೆ, ಒಂದೂ ಸಲ ಬರಲಿಲ್ಲ. ಮೂರನೇ ದಿನ ಚಹಾ ಕುಡಿಯುತ್ತ ಬೆರಳು ಟಚ್‌ಪ್ಯಾಡ್ ಮೇಲೇ ಇಟ್ಟುಕೊಂಡು ಮುಚ್ಚಳ ಮುಚ್ಚಿದೆ, ಬಂತು! ಜನ ಬೆರಳು ಆಡಿಸುತ್ತಲೇ ಮುಚ್ಚುತ್ತಾರೆ, ನನ್ನ ಸ್ಕ್ರಿಪ್ಟಿಗೆ ಬೆರಳಿಲ್ಲ. ಬೆರಳು ತಾಗಿದ್ದಕ್ಕೆ ಬಂದ ಇಂಟರಪ್ಟ್ (ಗಮನ ಕೊಡು ಎಂಬ ಸಂಕೇತ), ಐ2ಸಿ ಬಸ್ಸು ಮಲಗಿದ ಮೇಲೆ ನನ್ನ ಹ್ಯಾಂಡ್ಲರನ್ನು ಎಬ್ಬಿಸುತ್ತಿತ್ತು. ಅದು ಮಲಗಿದ ಬಸ್ಸಿಗೆ ಓದು ಎಂದು ಹೇಳಿ ಉತ್ತರಕ್ಕೆ ಕಾದು ಕೂರುತ್ತಿತ್ತು. ಪರಿಹಾರ ಒಂದು ಸಾಲು, ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಇಂಟರಪ್ಟ್ ಮುಚ್ಚುವುದು, ರೆಸ್ಯೂಮ್‌ನಲ್ಲಿ ತೆರೆಯುವುದು.

ಆದ್ದರಿಂದ ಕೇಳುತ್ತೇನೆ: ರೈಲಿನಲ್ಲಿ ಇದ್ದು ಮನೆಯಲ್ಲಿ ಇಲ್ಲದ್ದು ಏನು?

ಸೋಲಾಪುರಿ_ಚಾದರ · 11:58

ಘಾಟಿನ ಮಂಕಿ ಹಿಲ್‌ನ ಮಂಗ್ಯಾ.

ಘಾಟ್_ಪ್ರವಾಸಿ · ಬುಧವಾರ ಬೆಳಗ್ಗೆ 7:10

ಚಾರ್ಜರ್ ಇರೂದಿಲ್ಲ. ಹೊರಗಿನ ಮಾನಿಟರ್ ಇರೂದಿಲ್ಲ. ನೆಟ್ ಫೋನಿನ ಹಾಟ್‌ಸ್ಪಾಟ್‌ದು. ಇಷ್ಟ. ಚಾರ್ಜರ್ ಕಿತ್ತಿ ಮನ್ಯಾಗ ಮಾಡಿ ನೋಡಿದೆ, ಚೊಲೋ ಮಲಗಿ ಎದ್ದಿತು. ನಾಳೆ ಮುಂಬೈಗೆ ಹೊಂಟೀನಿ.

ಮಾತುಂಗಾ_ವಿದ್ಯಾರ್ಥಿನಿ · ಮುಂಬೈ · ಬುಧವಾರ ಮಧ್ಯಾಹ್ನ 3:30

ಸುಮ್ಮನೆ ಓದುತ್ತಾ ಇದ್ದೆ, ಒಂದು ಡೌಟು. ಸಸ್ಪೆಂಡ್ ಬಿಟ್ಟು ಹೈಬರ್ನೇಟ್ ಮಾಡಿದರೆ, ಅಂದ್ರೆ ಮೆಮೊರೀನ ಡಿಸ್ಕಿಗೆ ಬರೆದು ಆಫ್ ಮಾಡಿದರೆ, ಈ ತಲೆನೋವೇ ಇರಲ್ಲ ಅಲ್ವಾ? ಪೂರ್ತಿ ಆಫ್ ಆಗುತ್ತೆ, ಬಿಸಿ ಆಗೋದು ಹೇಗೆ? ನನ್ನ ಲ್ಯಾಪ್‌ಟಾಪಲ್ಲಿ ಮಾಡೋಕೆ ಹೋದರೆ ಹೈಬರ್ನೇಶನ್ ನಿರ್ಬಂಧಿಸಲಾಗಿದೆ ಅಂತ ಬರುತ್ತೆ, ಅದೂ ಯಾಕೆ ಗೊತ್ತಾಗ್ತಿಲ್ಲ.

ಡೊಂಬಿವಲಿ_ಮಾಮ · 5:15

ಒಳ್ಳೆ ಪ್ರಶ್ನೆ ಮಗಾ. ಎರಡನೆಯದಕ್ಕೆ ಮೊದಲು ಉತ್ತರ: ನಿನ್ನ ಯಂತ್ರದಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಚಾಲೂ ಇರಬೇಕು. ಆಗ ಹೆಚ್ಚಿನ ವಿತರಣೆಗಳಲ್ಲಿ ಕರ್ನೆಲ್ ಲಾಕ್‌ಡೌನ್ ಸ್ಥಿತಿಗೆ ಹೋಗುತ್ತದೆ. ಡಿಸ್ಕಿನಲ್ಲಿ ಬಿದ್ದಿರುವ ಮೆಮೊರಿ ಪ್ರತಿಯನ್ನು ಯಾರಾದರೂ ತಿದ್ದಿ ಇಟ್ಟರೆ ಏಳುವಾಗ ಆ ತಿದ್ದಿದ ಕರ್ನೆಲ್ಲೇ ಓಡುತ್ತದಲ್ಲ, ಆ ಭಯಕ್ಕೆ ಹೈಬರ್ನೇಟ್ ಬಂದ್.

ಇನ್ನು ಮೊದಲನೆಯದು. ಹೈಬರ್ನೇಟ್ ಸುಲಭ ಅಂತ ತೋರುತ್ತದೆ, ಡ್ರೈವರುಗಳಿಗೆ ಅದೇ ಕಷ್ಟ. ಪ್ರೊಸೆಸ್‌ಗಳನ್ನು ನಿಲ್ಲಿಸುವುದು ಅಲ್ಲಿಯೂ ಮೊದಲ ಹೆಜ್ಜೆಯೇ. ಆಮೇಲೆ ಸಾಧನಗಳನ್ನು ಸುಮ್ಮನಿರಿಸಿ ಮೆಮೊರಿಯ ನಕಲು ತೆಗೆಯಬೇಕು. ನಕಲು ತೆಗೆದಾಯಿತು, ಬರೆಯುವುದು ಎಲ್ಲಿಗೆ? ಡಿಸ್ಕಿಗೆ. ಡಿಸ್ಕ್ ಸುಮ್ಮನಾಗಿದೆ! ಹಾಗಾಗಿ ಸಾಧನಗಳನ್ನು ಮತ್ತೆ ಎಬ್ಬಿಸಿ, ಸ್ವಾಪಿಗೆ (ಮೆಮೊರಿಗೆ ಬದಲಿಯಾಗಿ ಡಿಸ್ಕಿನಲ್ಲಿ ಇಟ್ಟ ಜಾಗಕ್ಕೆ) ಬರೆದು, ಆಮೇಲೆ ಆಫ್. ನಕಲಿಗೂ ಮೆಮೊರಿಯಲ್ಲೇ ಜಾಗ ಬೇಕಲ್ಲ, ಅದಕ್ಕೆ /ಸಿಸ್/ಪವರ್/ಇಮೇಜ್_ಸೈಜ್ ಸಹಜವಾಗಿ ರ್‍ಯಾಮಿನ ಸುಮಾರು ಐದರಲ್ಲಿ ಎರಡು ಪಾಲು ಇಟ್ಟಿರುತ್ತಾರೆ.

ಏಳುವಾಗ ಇನ್ನೂ ವಿಚಿತ್ರ. ಮೊದಲು ಒಂದು ಹೊಸ ಕರ್ನೆಲ್ ಮಾಮೂಲಾಗಿ ಬೂಟ್ ಆಗುತ್ತದೆ, ರೆಸ್ಯೂಮ್= ಎಂದು ಕೊಟ್ಟ ಸ್ವಾಪಿನಲ್ಲಿ ನಕಲು ಹುಡುಕಿ, ಮೆಮೊರಿಗೆ ತುಂಬಿ, ತನ್ನನ್ನೇ ಅಳಿಸಿಕೊಂಡು ಹಳೆಯ ಕರ್ನೆಲಿಗೆ ಜಾಗ ಬಿಡುತ್ತದೆ. ಹಳೆಯ ಕರ್ನೆಲ್ ಕಣ್ಣು ಬಿಟ್ಟಾಗ ಸಾಧನಗಳನ್ನು ಬೇರೊಬ್ಬ ಮುಟ್ಟಿ ಹೋಗಿರುತ್ತಾನೆ. ಊರಿಂದ ವಾಪಸ್ ಬಂದು ನೋಡಿದರೆ ಬಾಡಿಗೆಯವರು ಪಾತ್ರೆಗಳನ್ನೆಲ್ಲ ಬೇರೆ ಕಪಾಟಿನಲ್ಲಿಟ್ಟ ಹಾಗೆ. ಸ್ವಾಪ್ ವಿಭಾಗದ ಬದಲು ಸ್ವಾಪ್ ಕಡತ ಆದರೆ ರೆಸ್ಯೂಮ್_ಆಫ್‌ಸೆಟ್ ಕೂಡ ಕೊಡಬೇಕು. ಆ ಸಂಖ್ಯೆ ತಪ್ಪಿದರೆ ನಕಲು ಅಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ, ಯಂತ್ರ ಏನೂ ಆಗದವರ ಹಾಗೆ ಹೊಸದಾಗಿ ಬೂಟ್ ಆಗುತ್ತದೆ.

ಪರೀಕ್ಷೆ ಮಾಡುವುದಿದ್ದರೆ /ಸಿಸ್/ಪವರ್/ಡಿಸ್ಕ್‌ಗೆ ಟೆಸ್ಟ್_ರೆಸ್ಯೂಮ್ ಬರೆದು ಆಮೇಲೆ ಹೈಬರ್ನೇಟ್ ಮಾಡು. ಆಫ್ ಆಗದೆಯೇ ಬರೆದದ್ದನ್ನು ಓದಿ ಎದ್ದು ತೋರಿಸುತ್ತದೆ. ಮತ್ತೆ, ವಿಂಡೋಸ್ ಜೊತೆಗೆ ಇಟ್ಟುಕೊಂಡಿದ್ದರೆ, ಒಂದು ಹೈಬರ್ನೇಟ್ ಆಗಿರುವಾಗ ಅದರ ವಿಭಾಗವನ್ನು ಇನ್ನೊಂದರಿಂದ ಮೌಂಟ್ ಮಾಡಿ (ಜೋಡಿಸಿಕೊಂಡು) ಬರೆಯಬೇಡ. ಕಡತ ಹೋದವರು ಅಳುವುದನ್ನು ತುಂಬ ನೋಡಿದ್ದೇನೆ.

ಮಾತುಂಗಾ_ವಿದ್ಯಾರ್ಥಿನಿ · 5:40

ಅಯ್ಯೋ ವಿಂಡೋಸ್ ಇದೆ 😬 ಥ್ಯಾಂಕ್ಸ್ ಮಾಮ.

ಘಾಟ್_ಪ್ರವಾಸಿ · ಗುರುವಾರ ಮಧ್ಯಾಹ್ನ 1:05

ಸಿಕ್ತು!! ದಾದರ್‌ಕ ಇಳದು ಆಫೀಸ್ ಮುಟ್ಟಿ, ಊಟಾ ಬಿಟ್ಟು ಬರೀಲಿಕ್ಕತ್ತೀನಿ.

ಕರ್ಜತ್‌ದಾಗ ಮುಚ್ಚಿದೆ. ಹತ್ತು ನಿಮಿಷಕ್ಕ ಬ್ಯಾಗ್ ಮುಟ್ಟಿದೆ, ಬೆಚ್ಚಗ. ತೆಗದೆ, ಕರ್ರಗ. ಬಟನ್ ಮ್ಯಾಲೆ ಬೆರಳು ಹೋಗಿತ್ತು, ಅಣ್ಣಾ ಹೇಳಿದ್ದು ನೆನಪಾಗಿ ತಡದೆ. ಬಾಜೂದಾಗ ಕುಂತ ಅಜ್ಜಾರು ಏನಾತು ಅಂತ ಮರಾಠಿಯೊಳಗ ಕೇಳಿದ್ರು, ಮಷಿನ್ ಝೋಪತ್ ನಾಹೀ (ಮಲಗವಲ್ದು) ಅಂದೆ. ಅವರು ನಕ್ರು. ಅಷ್ಟರಾಗ ತಾನ ತಾನೇ ಪರದಿ ಬೆಳಗಿ ಲಾಕ್ ಸ್ಕ್ರೀನ್ ಬಂತು! ಅಂದ್ರ ಇಷ್ಟು ದಿನ ಜೀವಂತ ಇದ್ದದ್ದನ್ನ ನಾನ ಕುತಗಿ ಹಿಚಕಿ ಕೊಲ್ಲತಿದ್ದೆ.

ಎಣಿಕೆ: ಸಕ್ಸೆಸ್ 3, ಫೇಲ್ 9, ಫೇಲ್ಡ್_ಫ್ರೀಜ್ 9. ಫೇಲ್ಡ್_ಸಸ್ಪೆಂಡ್ ಸೊನ್ನೆ. ಡಿಮೆಸ್ಗ್‌ನಾಗ ಅದ ಸಾಲು ಮತ್ತ ಮತ್ತ: 20 ಸೆಕೆಂಡ್ ಕಾದ್ರೂ 1 ಟಾಸ್ಕ್ ಫ್ರೀಜ್ ಆಗಲಿಕ್ಕೆ ಒಪ್ಪಲಿಲ್ಲ ಅಂತ. ಅದರ ಕೆಳಗ ಆ ಟಾಸ್ಕಿನ ಹೆಸರು, ಗಿಟ್ (ಕೋಡಿನ ಬದಲಾವಣೆ ಲೆಕ್ಕ ಇಡೂ ಸಾಧನ). ಸ್ಥಿತಿ: ಡಿ. ಅದರ ಕೆಳಗ ಸ್ಟ್ಯಾಕ್ (ಅದು ಎಲ್ಲಿ ನಿಂತದ ಅನ್ನೂ ಪಟ್ಟಿ), ಅದರಾಗ ಫ್ಯೂಸ್ ಅಂತ ಮೂರು ನಾಕು ಕಡೆ ಅದ, ರಿಕ್ವೆಸ್ಟ್_ವೇಟ್_ಆನ್ಸರ್ ಅಂತ ಒಂದದ.

ಗಿಟ್ ಯಾಕ ಬಂತು ಇಲ್ಲಿ? ನಾ ಗಿಟ್ ಏನೂ ನಡಸಿರಲಿಲ್ಲ.

ಹಿಂಜವಡಿ_ನೈಟ್‌ಶಿಫ್ಟ್ · 1:20

ಎಸ್‌ಎಸ್‌ಎಚ್‌ಎಫ್‌ಎಸ್ (ದೂರದ ಫೋಲ್ಡರನ್ನು ಎಸ್‌ಎಸ್‌ಎಚ್ ಮೂಲಕ ಇಲ್ಲಿನದೇ ಎಂಬಂತೆ ತೋರಿಸುವ ಸಾಧನ) ಬಳಸುತ್ತೀರಾ? ಆಫೀಸಿನ ಸರ್ವರಿನ ಫೋಲ್ಡರನ್ನು ನಿಮ್ಮ ಯಂತ್ರದಲ್ಲಿ ಮೌಂಟ್ ಮಾಡಿಕೊಂಡಿದ್ದೀರಾ? ಟರ್ಮಿನಲ್‌ನ ಪ್ರಾಂಪ್ಟಿನಲ್ಲಿ (ಕಮಾಂಡ್ ಬರೆಯುವ ಸಾಲಿನಲ್ಲಿ) ಗಿಟ್ ಬ್ರ್ಯಾಂಚ್ ಹೆಸರು ತೋರಿಸುವ ಅಲಂಕಾರ ಇದೆಯಾ?

ಘಾಟ್_ಪ್ರವಾಸಿ · 1:24

ಮೂರಕ್ಕೂ ಹೌದು. ಎಸ್‌ಎಸ್‌ಎಚ್‌ಎಫ್‌ಎಸ್ ಹಚ್ಚಿ... ಹದಿನೈದು ದಿನ ಆತು. 🤦 ಕರ್ನೆಲ್ ಹಾಕಿದ ವಾರನ.

ಹಿಂಜವಡಿ_ನೈಟ್‌ಶಿಫ್ಟ್ · 2:10

ಹಾಗಾದರೆ ಕಥೆ ಪೂರ್ತಿ ಆಯಿತು. ಪ್ರತಿ ಪ್ರಾಂಪ್ಟಿಗೂ ಹಿಂದೆ ಒಂದು ಗಿಟ್ ಓಡಿ ಆ ಫೋಲ್ಡರಿನ ಸ್ಥಿತಿ ಕೇಳುತ್ತದೆ. ಖಂಡಾಲಾ ದಾಟಿ ಸುರಂಗದ ಮೇಲೆ ಸುರಂಗ, ಫೋನಿನ ಸಿಗ್ನಲ್ ಹೋಯಿತು. ಗಿಟ್ ಕೇಳಿದ ಪ್ರಶ್ನೆ ಫ್ಯೂಸ್ (ಮಾಮೂಲಿ ಪ್ರೊಸೆಸ್ ಒಂದು ಕಡತವ್ಯವಸ್ಥೆ ನಡೆಸಲು ಕರ್ನೆಲ್ ಕೊಡುವ ಸೇತುವೆ) ಮೂಲಕ ಎಸ್‌ಎಸ್‌ಎಚ್‌ಎಫ್‌ಎಸ್‌ಗೆ ಹೋಗಿದೆ, ಅಲ್ಲಿಂದ ಸರ್ವರಿಗೆ ಹೋಗಿದೆ, ಉತ್ತರ ಬಂದಿಲ್ಲ. ಆ ಉತ್ತರ ಬರುವವರೆಗೆ ಗಿಟ್ ಡಿ ಸ್ಥಿತಿಯಲ್ಲಿ, ಅಂದರೆ ಯಾರು ಕರೆದರೂ ಓಗೊಡದ ಸ್ಥಿತಿಯಲ್ಲಿ, ಕರ್ನೆಲ್ ಒಳಗೇ ನಿಂತಿರುತ್ತದೆ.

ಫ್ರೀಜರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಅದು ಪ್ರೊಸೆಸ್‌ಗಳ ಕತ್ತು ಹಿಡಿದು ನಿಲ್ಲಿಸುವುದಿಲ್ಲ. ಸಿಗ್ನಲ್ ಬಂದ ಹಾಗೆ ಒಂದು ಸುಳಿವು ಕೊಡುತ್ತದೆ, ಪ್ರತಿಯೊಂದೂ ಕರ್ನೆಲ್‌ನಿಂದ ಹೊರಬೀಳುವ ಬಾಗಿಲಿನಲ್ಲಿ ತಾನಾಗಿ ನಿಲ್ಲಬೇಕು. ಗಿಟ್ ಬಾಗಿಲಿಗೇ ಬರುತ್ತಿಲ್ಲ. 20 ಸೆಕೆಂಡ್ (ಪಿಎಂ_ಫ್ರೀಜ್_ಟೈಮ್‌ಔಟ್, 20000 ಮಿಲಿಸೆಕೆಂಡ್) ಕಾದು, ಸಸ್ಪೆಂಡ್ ಕೈಬಿಟ್ಟು, ನಿಲ್ಲಿಸಿದ್ದವರನ್ನೆಲ್ಲ ಬಿಡುತ್ತದೆ. ಮುಚ್ಚಳ ಇನ್ನೂ ಮುಚ್ಚೇ ಇರುವುದರಿಂದ ಲಾಗಿನ್‌ಡಿ (ಮುಚ್ಚಳ ನೋಡಿಕೊಳ್ಳುವ ಸಿಸ್ಟಮ್‌ಡಿ ಸೇವೆ) ಮತ್ತೆ ಮಲಗಿಸಲು ಹೊರಡುತ್ತದೆ. ಮತ್ತೆ 20 ಸೆಕೆಂಡ್. ನೀವು ಮುಚ್ಚಳ ತೆಗೆದದ್ದು ಇಂಥ ಒಂದು ಯತ್ನದ ನಡುವೆ. ಆಗ ಪರದೆ ಬಿಡಿಸುವ ಪ್ರೊಸೆಸ್ ಕೂಡ ನಿಂತಿರುತ್ತದೆ, ಹಾಗಾಗಿ ಎಲ್ಲ ಸತ್ತಂತೆ ಕಾಣುತ್ತದೆ.

ಇನ್ನೊಂದು ಸೊಗಸು ಇದೆ. ಗಿಟ್‌ಗೆ ಉತ್ತರ ಕೊಡಬೇಕಾದ ಎಸ್‌ಎಸ್‌ಎಚ್‌ಎಫ್‌ಎಸ್ ಸ್ವತಃ ಒಂದು ಮಾಮೂಲಿ ಪ್ರೊಸೆಸ್. ಅದು ಒಳ್ಳೆಯ ಹುಡುಗನಂತೆ ಮೊದಲೇ ಫ್ರೀಜ್ ಆಗಿಬಿಡುತ್ತದೆ. ಆದ್ದರಿಂದ ನೆಟ್‌ವರ್ಕ್ ಚೆನ್ನಾಗಿದ್ದರೂ, ಸರಿಯಾಗಿ ಓದು ಬರಹದ ನಡುವೆ ಮುಚ್ಚಿದರೆ ಇದೇ ಆಗಬಹುದು. ಫ್ಯೂಸ್ ಮತ್ತು ಫ್ರೀಜರ್ ನಡುವಿನ ಈ ಜಗಳ ಹಳೆಯದು, ನಿಮ್ಮ 6.12ರ ತಪ್ಪಲ್ಲ.

ಡೊಂಬಿವಲಿ_ಮಾಮ · 2:45

ಹದಿನೈದು ನಿಮಿಷದ ಲೆಕ್ಕವೂ ಕೂಡಿತು. ಸಂಪರ್ಕ ಕಡಿದುಹೋದರೂ ಟಿಸಿಪಿ (ಜಾಲದಲ್ಲಿ ದತ್ತಾಂಶ ತಲುಪಿಸುವ ನಿಯಮ) ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತ ಇರುತ್ತದೆ. ಲಿನಕ್ಸಿನಲ್ಲಿ ಟಿಸಿಪಿ_ರಿಟ್ರೈಸ್2 ಸಹಜವಾಗಿ 15, ಎಂದರೆ ಸುಮಾರು 924 ಸೆಕೆಂಡ್, ಹದಿನೈದೂವರೆ ನಿಮಿಷ ಹತ್ತಿರ. ಅಷ್ಟು ಹೊತ್ತು ಗಿಟ್ ಕಾಯುತ್ತದೆ, ನಿಮ್ಮ ಬ್ಯಾಗು ಕಾಯುತ್ತದೆ. ನಡುವೆ ನೀವು ಹಾಟ್‌ಸ್ಪಾಟ್ ಬೇರೆ ಆಫ್ ಮಾಡುತ್ತೀರೋ ಏನೋ.

ಘಾಟ್_ಪ್ರವಾಸಿ · 2:50

ಮಾಡ್ತೀನಿ ಮಾಮಾ, ಫೋನಿನ ಬ್ಯಾಟರಿ ಉಳಿಲಿ ಅಂತ. ಒಂದು ಉಳಸ್ಲಿಕ್ಕೆ ಹೋಗಿ ಇನ್ನೊಂದು ಸುಟ್ಟೆ.

ಘಾಟ್_ಪ್ರವಾಸಿ · ಶನಿವಾರ ರಾತ್ರಿ 10:15

ಮನ್ಯಾಗ ರೋಗ ತಂದು ತೋರಸೀನಿ. ಎಸ್‌ಎಸ್‌ಎಚ್‌ಎಫ್‌ಎಸ್ ಮೌಂಟ್ ಮಾಡಿ, ಆ ಫೋಲ್ಡರಿನಾಗ ನಿಂತು, ರೌಟರಿನ ವೈರ್ ಕಿತ್ತಿ, ಟರ್ಮಿನಲ್‌ನಾಗ ಎಂಟರ್ ಒತ್ತಿದೆ. ಪ್ರಾಂಪ್ಟ್ ಬರಲಿಲ್ಲ. ಪಿಎಂ_ಟೆಸ್ಟ್‌ಗೆ ಫ್ರೀಜರ್ ಬರದು ಮಲಗಿಸಿದೆ. 20 ಸೆಕೆಂಡಿಗೆ ಸರಿಯಾಗಿ ಫೇಲ್. ಮೂರು ಸಲ ಮಾಡಿದೆ, ಮೂರೂ ಸಲ. 6.1ದಾಗೂ ಹಂಗ. ಇಷ್ಟು ಖುಷಿ ನನಗ ಫೇಲ್ ಆಗಿ ಎಂದೂ ಆಗಿರಲಿಲ್ಲ.

ಈಗ ಪರಿಹಾರ. /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್ ಒಳಗ ಸ್ಕ್ರಿಪ್ಟ್ ಇಟ್ರ, ಮಲಗೂ ಮೊದಲ ಪ್ರಿ ಅಂತ, ಎದ್ದ ಮ್ಯಾಲೆ ಪೋಸ್ಟ್ ಅಂತ ಕರೀತದ ಅಂತ ಓದಿದೆ. ಅದರಾಗ ಅನ್‌ಮೌಂಟ್ ಹಾಕಿದೆ. ಪರಿಸ್ಥಿತಿ ಇನ್ನೂ ಕೆಟ್ಟಿತು! ಈಗ ಫ್ರೀಜ್ ಹಂತಕ್ಕೂ ಹೋಗವಲ್ದು, ಸ್ಕ್ರಿಪ್ಟ್‌ನಾಗ ನಿಂತದ.

ಹಿಂಜವಡಿ_ನೈಟ್‌ಶಿಫ್ಟ್ · 11:30

ಆಗಲೇಬೇಕು. ಆ ಸ್ಕ್ರಿಪ್ಟುಗಳು ಮುಗಿಯುವವರೆಗೆ ಸಿಸ್ಟಮ್‌ಡಿ ಕಾಯುತ್ತದೆ, ಸತ್ತ ಮೌಂಟನ್ನು ಮುಟ್ಟುವ ಯಾವ ಕಮಾಂಡೂ ಗಿಟ್‌ನ ಹಾಗೇ ಸಿಕ್ಕಿಬೀಳುತ್ತದೆ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕೂಡ. ಲೇಜಿ ಅನ್‌ಮೌಂಟ್ (ಕಾಯದೆ ಕಳಚುವುದು) ಹಾಕಿದರೆ ಹೆಸರು ಮರೆಯಾಗುತ್ತದೆ, ಆದರೆ ಈಗಾಗಲೇ ಕಾಯುತ್ತಿರುವ ಗಿಟ್ ಕಾಯುತ್ತಲೇ ಇರುತ್ತದೆ.

ಬೇಕಾದದ್ದು /ಸಿಸ್/ಎಫ್‌ಎಸ್/ಫ್ಯೂಸ್/ಕನೆಕ್ಷನ್ಸ್. ಅಲ್ಲಿ ಪ್ರತಿ ಫ್ಯೂಸ್ ಮೌಂಟಿಗೂ ಒಂದು ಸಂಖ್ಯೆಯ ಫೋಲ್ಡರ್, ಒಳಗೆ ವೇಟಿಂಗ್ ಎಂಬ ಕಡತದಲ್ಲಿ ಉತ್ತರಕ್ಕೆ ಕಾದಿರುವ ಕೋರಿಕೆಗಳ ಎಣಿಕೆ, ಅಬಾರ್ಟ್ ಎಂಬ ಇನ್ನೊಂದು ಕಡತ. ಅಬಾರ್ಟ್‌ಗೆ 1 ಬರೆದರೆ ಕಾಯುತ್ತಿರುವವರಿಗೆಲ್ಲ ದೋಷದ ಉತ್ತರ ಸಿಗುತ್ತದೆ, ಗಿಟ್ ಬಿಡುಗಡೆ. ಆಮೇಲೆ ಲೇಜಿ ಅನ್‌ಮೌಂಟ್. ಆದರೆ ವೇಟಿಂಗ್ ಸೊನ್ನೆ ಇದ್ದರೆ ಮುಟ್ಟಬೇಡಿ, ಡೆಸ್ಕ್‌ಟಾಪಿನ ಬೇರೆ ಫ್ಯೂಸ್ ಮೌಂಟುಗಳೂ ಅದೇ ಸಾಲಿನಲ್ಲಿರುತ್ತವೆ. ಬರೆಯುತ್ತಿದ್ದ ಕಡತ ಅರ್ಧಕ್ಕೆ ಹೋಗಬಹುದು, ಅದು ತಿಳಿದಿರಲಿ.

ಮೂಲಕ್ಕೇ ಮದ್ದು ಬೇಕೆಂದರೆ ಎಸ್‌ಎಸ್‌ಎಚ್‌ಎಫ್‌ಎಸ್‌ಗೆ ಸರ್ವರ್‌ಅಲೈವ್‌ಇಂಟರ್ವಲ್=15, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್=3 ಕೊಡಿ. ಹದಿನೈದು ನಿಮಿಷದ ಬದಲು ಮುಕ್ಕಾಲು ನಿಮಿಷದಲ್ಲಿ ಸಂಪರ್ಕ ಸತ್ತದ್ದು ಗೊತ್ತಾಗುತ್ತದೆ. ಪ್ರಾಂಪ್ಟಿನ ಅಲಂಕಾರವನ್ನು ಆ ಫೋಲ್ಡರಿಗಾದರೂ ಬಂದ್ ಮಾಡಿ. ನನ್ನ ಕೇಳಿದರೆ ಕೋಡನ್ನು ಎಸ್‌ಎಸ್‌ಎಚ್‌ಎಫ್‌ಎಸ್ ಮೇಲೆ ಇಟ್ಟುಕೊಂಡು ಘಾಟ್ ಇಳಿಯುವುದೇ ಬೇಡ, ಗಿಟ್ ಇರುವುದೇ ದೂರ ಕೂತು ಕೆಲಸ ಮಾಡುವುದಕ್ಕೆ, ಇಲ್ಲೇ ಕ್ಲೋನ್ (ಪೂರ್ತಿ ನಕಲು) ಮಾಡಿಕೊಳ್ಳಿ.

ಸೋಲಾಪುರಿ_ಚಾದರ · 11:41

ನನ್ನ ಡೀಪ್ ಸಲಹೆ ವಾಪಸ್ ತಗೊಂಡೆ. ಮಂಗ್ಯಾನ ಸಲಹೆ ಹತ್ತಿರ ಇತ್ತು, ಜಾಗಾ ಅದ ಆತಲ್ಲ.

ಘಾಟ್_ಪ್ರವಾಸಿ · ಮಂಗಳವಾರ ಮಧ್ಯಾಹ್ನ 12:30

ಕೋಡ್ ಕ್ಲೋನ್ ಮಾಡ್ಕೊಂಡೆ. ಎಸ್‌ಎಸ್‌ಎಚ್‌ಎಫ್‌ಎಸ್ ಬರೇ ದೊಡ್ಡ ದೊಡ್ಡ ಲಾಗ್ ಕಡತಕ್ಕ ಇಟ್ಟೀನಿ, ಅಲೈವ್ ಎರಡೂ ಹಚ್ಚಿ. ಅಬಾರ್ಟ್ ಸ್ಕ್ರಿಪ್ಟ್ ಕೂಡ ಅದ. ಇವತ್ತ ಬೇಕಂತ ಖಂಡಾಲಾದಾಗ ಲಾಗ್ ತೆರದು, ಸುರಂಗದಾಗ ಸ್ಕ್ರೋಲ್ ಮಾಡಿ, ಕರ್ಜತ್‌ದಾಗ ಮುಚ್ಚಿದೆ. ದಾದರ್‌ತನಕ ತೆಗೀಲೇ ಇಲ್ಲ. ಬ್ಯಾಗ್ ತಣ್ಣಗ. ಬ್ಯಾಟರಿ ಮುಚ್ಚೂ ಮುಂದ 71 ಇತ್ತು, ತೆಗದಾಗ 70. ಸಕ್ಸೆಸ್ 1, ಫೇಲ್ 0. ಅಬಾರ್ಟ್ ಒಂದು ಸಲ ಓಡಿದ್ದು ದಾಖಲೆಯೊಳಗ ಅದ.

ವಾಸ್ಕೋ_ಕಾರವಾರಿ · 12:55

ಅಭಿನಂದನೆ. ನನ್ನದೊಂದು ಉಳಿದಿದೆ: ಸಸ್ಪೆಂಡ್ ಮಾಡಿದ ಎರಡೇ ಸೆಕೆಂಡಿಗೆ ಡೆಸ್ಕ್‌ಟಾಪ್ ತಾನಾಗಿ ಏಳುತ್ತದೆ, ಯುಎಸ್‌ಬಿ ಮೌಸ್ ಕಿತ್ತರೆ ಏಳುವುದಿಲ್ಲ.

ಡೊಂಬಿವಲಿ_ಮಾಮ · 1:10

/ಪ್ರಾಕ್/ಎಸಿಪಿಐ/ವೇಕಪ್ ತೆರೆದು ನೋಡಿ, ಎಕ್ಸ್‌ಎಚ್‌ಸಿ (ಯುಎಸ್‌ಬಿ ನಿಯಂತ್ರಕ) ಎದುರು ಎನೇಬಲ್ಡ್ ಅಂತ ಇರಬೇಕು. ಆ ಹೆಸರನ್ನೇ ಕಡತಕ್ಕೆ ಬರೆದರೆ ಬದಲಾಗುತ್ತದೆ. ಆದರೆ ಆಮೇಲೆ ಯುಎಸ್‌ಬಿ ಕೀಲಿಮಣೆಯಿಂದಲೂ ಏಳುವುದಿಲ್ಲ, ಪವರ್ ಬಟನ್ನೇ ಗತಿ. ಮೌಸ್ ಒಂದನ್ನೇ ಸುಮ್ಮನಿರಿಸುವ ದಾರಿ ಬೇರೆ ಉಂಟು, ಹೊಸ ಎಳೆ ತೆರೆಯಿರಿ, ಊಟ ಮಾಡಿ ಬರುತ್ತೇನೆ.